ಬರದು ಹೊಟ್ಟಿ ತುಂಬ್ತದೇನ್ರಿ?



ಮೊನ್ನೆ ಕಲಬುರಗಿಯಿಂದ ಬೀದರ್ ಕಡೆ ಹೋಗುವಾಗ ಕಮಲಾಪುರದಲ್ಲಿ ಚಹಾಕ್ಕೆ ನಿಂತಿದ್ದೆ. ಒಬ್ಬ ಹುಡುಗ ಗುರುತು ಹಿಡಿದು ಹತ್ತಿರ ಬಂದ. ಇಂಜಿನಿಯರಿಂಗ್ ಕೊನೇ ವರ್ಷ. ಫೈಲಿನಲ್ಲಿ ಅವನದೇ ಮೂರು ಲೇಖನ, ಪೇಪರಿನಿಂದ ಕತ್ತರಿಸಿ ಅಂಟಿಸಿದ್ದು. 'ಸರ್, ಕಂಪನಿ ನೌಕರಿ ಬ್ಯಾಡ ಅನಸ್ತದ. ಬರದು ಹೊಟ್ಟಿ ತುಂಬ್ತದೇನ್ರಿ?' ಅಂದ. 'ಈ ಮೂರಕ್ಕೆ ಎಷ್ಟು ಬಂತಪ್ಪಾ?' ಅಂತ ಕೇಳಿದೆ. ನಕ್ಕ. 'ಹೆಸರು ಬಂದದರಿ.'

ನಾನೂ ಇಂಜಿನಿಯರಿಂಗ್ ಓದಿ ಈ ಕಡೆ ಬಂದವನೇ. ನನ್ನ ಮೊದಲ ಲೇಖನಕ್ಕೂ ಬಂದದ್ದು ಹೆಸರು ಮಾತ್ರ. ದುಡ್ಡು ಕೇಳಿದ್ದಕ್ಕೆ 'ಫೋಟೋ ಸಮೇತ ಹಾಕಿದ್ದೀವಲ್ಲ' ಅಂದರು.

ಸಮಸ್ಯೆ ನಮ್ಮ ಮಾತಿನಲ್ಲೇ ಇದೆ ನೋಡಿ. ಫ್ರೀಲಾನ್ಸ್ ಪತ್ರಕರ್ತನಿಗೆ ಕನ್ನಡದಲ್ಲಿ ನಾವಿಟ್ಟ ಹೆಸರು 'ಹವ್ಯಾಸಿ ಪತ್ರಕರ್ತ'. ಹವ್ಯಾಸಕ್ಕೆ ಯಾರು ಸಂಬಳ ಕೊಡ್ತಾರೆ? ಗಾರೆ ಕೆಲಸಕ್ಕೆ ಕೂಲಿ ಅಂತೀವಿ, ವಕೀಲರಿಗೆ ಫೀಸು ಅಂತೀವಿ. ಬರೆದವನಿಗೆ ಮಾತ್ರ 'ಗೌರವ ಸಂಭಾವನೆ'. ಅದೂ ಬಂದರೆ ಬಂತು, ಇಲ್ಲಾಂದ್ರೆ ಗೌರವವೇ ಸಂಭಾವನೆ!

1955ರಲ್ಲಿ ಬಂದ ಶ್ರಮಜೀವಿ ಪತ್ರಕರ್ತರ ಕಾಯ್ದೆ ಕೂಡ ನೌಕರಿಯಲ್ಲಿದ್ದವರನ್ನೇ ನೋಡಿತು. ಹೊರಗೆ ನಿಂತು ಬರೆಯೋನ ಕೈಯಲ್ಲಿರೋದು ಒಂದೇ ಆಸ್ತಿ, ಕೃತಿಸ್ವಾಮ್ಯ. 1957ರ ಕಾಯ್ದೆ ಪ್ರಕಾರ ಸ್ವತಂತ್ರವಾಗಿ ಬರೆದ ಲೇಖನಕ್ಕೆ ಮೊದಲ ಒಡೆಯ ಬರೆದವನೇ. ಅದನ್ನು ಬೇರೆಯವರಿಗೆ ವಹಿಸಬೇಕಾದ್ರೆ ಲಿಖಿತದಲ್ಲಿ, ಸಹಿ ಹಾಕಿ ವಹಿಸಬೇಕು. ಅವಧಿ ಬರೆದಿಲ್ಲ ಅಂದ್ರೆ 5 ವರ್ಷ ಅಂತ ಲೆಕ್ಕ. ಎಷ್ಟು ಜನ ಬರಹಗಾರರಿಗೆ ಇದು ಗೊತ್ತು?

ಹುಡುಗನಿಗೆ ಹೇಳಿದ್ದು ಇಷ್ಟೇ. ಡಿಗ್ರಿ ಮುಗಿಸು. ಮೊದಲ ಕೆಲವು ವರ್ಷ ಊಟಕ್ಕೆ ಇನ್ನೊಂದು ದಾರಿ ಇರಲಿ. ಬರೆಯೋಕೆ ಮುಂಚೆ ರೇಟು ಕೇಳು, ನಾಚಿಕೆ ಬೇಡ. ಬೆಂಗಳೂರಿನ ರಾಜಕೀಯ ಬರೆಯೋರು ಸಾವಿರ ಜನ ಇದ್ದಾರೆ. ನಿನ್ನೂರಿನ ಕೆಂಪು ಬಾಳೆ ತೋಟಕ್ಕೆ ನಡೆದು ಹೋಗಿ ಬರೆಯೋರು ಎಷ್ಟು ಜನ? ಒಂದು ಸಲ ಹೋಗಿ ಬಂದರೆ ಕೃಷಿ ಪುಟಕ್ಕೆ ಬೆಳೆಯ ಲೆಕ್ಕ ಬರೀಬಹುದು, ವಾರಪತ್ರಿಕೆಗೆ ರೈತನ ಕಥೆ, ಕಲಬುರಗಿ ಆಕಾಶವಾಣಿಗೆ ಒಂದು ಭಾಷಣ. ವಸ್ತು ಒಂದೇ, ಬರಹ ಮೂರು.

ವೀಕ್ಷಕರೇ, ಈಗ ನನ್ನ ಕಡೆಯದ್ದೂ ಹೇಳಿಬಿಡ್ತೀನಿ. ಹಳ್ಳಿ ಮುಳುಗಿದಾಗ, ತೊಗರಿ ಒಣಗಿದಾಗ ನೀವು ಟಿವಿಯಲ್ಲಿ ನೋಡೋ ಎಷ್ಟೋ ದೃಶ್ಯಗಳನ್ನು ತೆಗೆದಿರೋನು ತಾಲೂಕಿನ ಸ್ಟ್ರಿಂಗರ್. ಪೆಟ್ರೋಲು ಅವನದು, ಮೊಬೈಲು ಅವನದು. ಪರದೆ ಮೇಲೆ ಕಾಣೋದು ನನ್ನ ಮುಖ. ಅವನ ಹೆಸರು ಓದೋಕೆ ನನಗೆ ಎರಡು ಸೆಕೆಂಡು ಸಾಕಿತ್ತು. ಇಷ್ಟು ವರ್ಷ ಓದಿಲ್ಲ. ಆ ತಪ್ಪು ನನ್ನದೂ ಹೌದು.

ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ. ಕಲಬುರಗಿ ತೊಗರಿಬೇಳೆಗೂ ಇದೆ. ಆ ಹೆಸರನ್ನು ಇನ್ನೊಬ್ಬರು ಕದಿಯೋ ಹಾಗಿಲ್ಲ. ಅವುಗಳ ಬಗ್ಗೆ ಬರೆದ ಹುಡುಗನಿಗೆ ಹೆಸರೂ ಸಿಗಲಿ, ಜೊತೆಗೆ ಕೂಲಿಯೂ ಸಿಗಲಿ. ಹವ್ಯಾಸಿ ಅನ್ನೋದು ಬಿಡೋಣ. ಸ್ವತಂತ್ರ ಪತ್ರಕರ್ತ ಅನ್ನೋಣ, ದುಡ್ಡು ಕೊಟ್ಟು ಅನ್ನೋಣ.