ಒಂದೇ ಪಕ್ಷದ ಸೀಮೆಯಲ್ಲಿ ಕೂಲಿ ಏಕೆ ಅಗ್ಗ?

(ಗಿರಣಿ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಯಾರು ಆಳಿದರೇನು, ನಮಗೆ ರಾಗಿ ಬೀಸುವುದು ತಪ್ಪೀತೆ ಎನ್ನುವವರುಂಟು. ಆಳುವವರಿಗೆ ಸೋಲಿನ ಭಯವುಂಟೋ ಇಲ್ಲವೋ ಎಂಬುದರ ಮೇಲೆ ರಾಗಿಯ ಲೆಕ್ಕವೂ ಬದಲಾಗುತ್ತದೆಂದು ನನ್ನ ವಾದ. ಅಮೆರಿಕದ ದಕ್ಷಿಣ ಸಂಸ್ಥಾನಗಳನ್ನು ನೋಡಿ.

ಅಲ್ಲಿ 1900ರಿಂದ ಸುಮಾರು ಆರು ದಶಕ ಡೆಮಾಕ್ರಟಿಕ್ ಪಕ್ಷದ್ದೇ ಏಕಚಕ್ರಾಧಿಪತ್ಯ. ಜನಪ್ರೀತಿಯಿಂದ ಬಂದುದೆಂದು ತಿಳಿಯಬೇಡಿ. 1890ರಲ್ಲಿ ಮಿಸಿಸಿಪ್ಪಿಯು ಮತದಾರನ ಮೇಲೆ 2 ಡಾಲರ್ ತಲೆಗಂದಾಯ ಹೇರಿತು. 1901ರಲ್ಲಿ ಅಲಬಾಮ ವರ್ಷಕ್ಕೆ ಒಂದೂವರೆ ಡಾಲರ್ ಹೇರಿ, ಹಿಂದಿನ ಬಾಕಿಯನ್ನೂ ಕೂಡಿಸಿತು, 36 ಡಾಲರಿನವರೆಗೆ! ಜೊತೆಗೆ ಅಕ್ಷರ ಪರೀಕ್ಷೆ ಬೇರೆ. ಫೇಲು ಮಾಡಲೆಂದೇ ಬರೆದ ಪ್ರಶ್ನೆಪತ್ರಿಕೆಯನ್ನು ಯಾವ ಮೇಷ್ಟರಾದರೂ ನೋಡಿದೊಡನೆ ಗುರುತಿಸಬಲ್ಲ. ಕಪ್ಪು ಜನರನ್ನು ಹೊರಗಿಡಲೆಂದು ಹೂಡಿದ ಈ ಹೂಟದಲ್ಲಿ ಬಡ ಬಿಳಿಯರೂ ಮತ ಕಳೆದುಕೊಂಡರು.

ಎದುರಾಳಿಯೇ ಇಲ್ಲದ ಶಾಸಕ ಯಾರ ಮಾತು ಕೇಳುತ್ತಾನೆ? ಹತ್ತಿಯ ಜಮೀನುದಾರನದು, ಗಿರಣಿ ಮಾಲೀಕನದು. ಅವರಿಗೆ ಬೇಕಾದುದು ಅಗ್ಗದ ಆಳು. ಶಾಲೆಗೆ ಹಣ ಸುರಿದರೆ ಆಳಿನ ಮಗ ಊರು ಬಿಟ್ಟಾನು! ಕಪ್ಪು ಜನರೂ ಬಿಳಿಯರೂ ಬಟ್ಟೆ ಗಿರಣಿಯ ಒಂದೇ ಕೋಣೆಯಲ್ಲಿ ದುಡಿಯಕೂಡದೆಂದು 1915ರಲ್ಲಿ ದಕ್ಷಿಣ ಕೆರೊಲೈನಾ ಕಾನೂನನ್ನೇ ಮಾಡಿತು. ಕೆಲಸಗಾರರು ಒಡೆದುಹೋದ ಮೇಲೆ ಕೂಲಿ ಏರುವುದೆಲ್ಲಿಂದ? 1937ರಲ್ಲಿ ದಕ್ಷಿಣದವನ ಸರಾಸರಿ ವರಮಾನ 314 ಡಾಲರ್; ಉಳಿದ ದೇಶದಲ್ಲಿ 604. ವರ್ತಕ ಮಿತ್ರರು ಇದನ್ನು ಗಮನಿಸಬೇಕು: ಪಾಲಿನ ರೈತ ಜಮೀನುದಾರನ ಮಳಿಗೆಯಲ್ಲೇ ಸಾಲಕ್ಕೆ ಕೊಳ್ಳುತ್ತಿದ್ದ, ಪೇಟೆಯ ಅಂಗಡಿಗೆ ಬರಲು ಅವನ ಕೈಯಲ್ಲಿ ಕಾಸಿರಲಿಲ್ಲ.

ಹೋರಾಟದ ಫಲವಾಗಿ 1965ರಲ್ಲಿ ಮತದಾನ ಹಕ್ಕಿನ ಕಾಯಿದೆ ಬಂತು. 1966ರಲ್ಲಿ ತಲೆಗಂದಾಯ ಪೂರಾ ತೊಲಗಿತು. ಮಿಸಿಸಿಪ್ಪಿಯಲ್ಲಿ 1964ರಲ್ಲಿ ನೂರಕ್ಕೆ 7 ಮಂದಿ ಕಪ್ಪು ಜನರ ಹೆಸರು ಮತದಾರರ ಪಟ್ಟಿಯಲ್ಲಿದ್ದರೆ, 1967ರ ಹೊತ್ತಿಗೆ ಸುಮಾರು 60. ಅವರ ಬೀದಿಗಳಿಗೆ ರಸ್ತೆ, ದೀಪ ಬಂದವು. ಗಿರಣಿಯ ಬಾಗಿಲೂ ತೆರೆಯಿತು. ಕ್ರಮೇಣ ರಿಪಬ್ಲಿಕನ್ ಪಕ್ಷ ಬೆಳೆದು ಚುನಾವಣೆ ನಿಜವಾದ ಸ್ಪರ್ಧೆಯಾಯಿತು. ದಕ್ಷಿಣದ ವರಮಾನ ದೇಶದ ಮಟ್ಟಕ್ಕೆ ಹತ್ತಿರವಾಯಿತು. ಯುದ್ಧಕಾಲದ ಸರ್ಕಾರಿ ಖರ್ಚು, ಹೆದ್ದಾರಿ, ತಂಪುಯಂತ್ರಗಳ ಪಾಲೂ ಇದರಲ್ಲುಂಟು. ಎಲ್ಲವನ್ನೂ ಮತಪೆಟ್ಟಿಗೆಯ ಲೆಕ್ಕಕ್ಕೆ ಬರೆಯಲಾಗದು.

ಇನ್ನೊಂದು ಮಾತು. 1947ರ ಕೇಂದ್ರ ಕಾಯಿದೆಯ ಆಸರೆಯಲ್ಲಿ ಈ ಸಂಸ್ಥಾನಗಳು ಕಾರ್ಮಿಕ ಸಂಘಗಳ ಬಲ ಕುಗ್ಗಿಸುವ ಕಾನೂನುಗಳನ್ನು ಮಾಡಿದ್ದವು. ಪಕ್ಷ ಎರಡಾದರೂ ಅವು ಉಳಿದವು. ಮ್ಯಾಸಚೂಸೆಟ್ಸಿನ ಗಿರಣಿಗಳನ್ನು ಮುಚ್ಚಿಸಿ ಕೆರೊಲೈನಾಗಳಲ್ಲಿ ಬೆಳೆದ ಬಟ್ಟೆ ಉದ್ಯಮ, 1990ರ ನಂತರ ಇನ್ನೂ ಅಗ್ಗದ ಆಳನ್ನು ಅರಸಿ ಮೆಕ್ಸಿಕೋ, ಏಷ್ಯಾಗಳ ಕಡೆ ಹೊರಟಿತು. ಅದರೊಡನೆ ಕುಳಿತು ಷರತ್ತು ಮಾತಾಡುವಷ್ಟು ಬಲವುಳ್ಳ ಸಂಘ ಅಲ್ಲಿನ ಬಹುಪಾಲು ಗಿರಣಿ ಊರುಗಳಲ್ಲಿ ಇರಲೇ ಇಲ್ಲ.