ತಿರುವುದೀಪ ಕೆಟ್ಟಾಗ

ಮೋಟಾರು ಗಾಡಿಗೆ ಹಾರನ್ನು ಇದೆಯಾದರೂ ಅದರಿಂದ ಹೊರಡುವುದು ಕೂಗೇ ಹೊರತು ಮಾತಲ್ಲ. ಗಾಡಿಯ ಮಾತೆಲ್ಲ ದೀಪಗಳಲ್ಲಿದೆ. ಬ್ರೇಕಿನ ಕೆಂಪು ದೀಪ ವರ್ತಮಾನಕಾಲದ್ದು: "ನಿಲ್ಲುತ್ತಿದ್ದೇನೆ" ಎನ್ನುತ್ತದೆ. ಮೂಲೆಯಲ್ಲಿ ಮಿನುಗುವ ಹಳದಿ ದೀಪವಾದರೋ ಭವಿಷ್ಯತ್ಕಾಲದ್ದು: "ಎಡಕ್ಕೆ ಹೊರಳುವೆನು", "ಬಲಕ್ಕೆ ಹೊರಳುವೆನು" ಎಂದು ಮುಂಚಿತವಾಗಿ ತಿಳಿಸುತ್ತದೆ. ಹೊರಳಿದ ಮೇಲೆ ಅದನ್ನು ಹೇಳಿ ಪ್ರಯೋಜನವಿಲ್ಲ.

ಟಿ. ದಾಸರಹಳ್ಳಿಯ ಬಳಿ ತುಮಕೂರು ರಸ್ತೆಯಲ್ಲಿ ಸಂಜೆ ಹೊತ್ತು ಗಾಡಿ ನಡೆಸಿದವರು ಈ ಮಾತಿನ ಬೆಲೆಯನ್ನು ಬಲ್ಲರು. ಮೇಲೆ 2010ರಲ್ಲಿ ಸಂಚಾರಕ್ಕೆ ತೆರೆದ ಮೇಲ್ಸೇತುವೆ. 2015ರ ಮೇ ತಿಂಗಳಲ್ಲಿ ನಾಗಸಂದ್ರದವರೆಗೆ ಬಂದ ಮೆಟ್ರೋ. ಕೆಳಗೆ ಲಾರಿ, ಬಸ್ಸು, ಆಟೋಗಳ ಜೊತೆಗೆ ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಮನೆಗೆ ಹೊರಟವರ ದ್ವಿಚಕ್ರ ವಾಹನಗಳು. ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ನೀವು ಎಡಕ್ಕೆ ಸರಿಯುವಾಗ, ನಿಮ್ಮ ಎಡ ಮಗ್ಗುಲಲ್ಲೇ ಸ್ಕೂಟರಿನವನೊಬ್ಬ ನೇರವಾಗಿ ಹೋಗುತ್ತಿರುತ್ತಾನೆ. ಗಂಟೆಗೆ 40 ಕಿಲೋಮೀಟರು ವೇಗದ ಗಾಡಿ ಮೂರು ಸೆಕೆಂಡಿನಲ್ಲಿ ಸುಮಾರು 33 ಮೀಟರು ಸಾಗುತ್ತದೆ. ತಿರುವುದೀಪ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕೆಂಬುದು ನಿಯಮ. ಆ ಮೂರು ಸೆಕೆಂಡಿನಲ್ಲಿ ಅವನಿಗೆ ಕಾಣುವುದು ಮೂರರಿಂದ ಆರು ಮಿನುಗು. ಅಷ್ಟೂ ಕಾಣದೆ ಹೋದರೆ ಅವನ ಗತಿಯೇನು?

ದೀಪ ಕೆಟ್ಟಾಗ ದೋಷವನ್ನು ಹುಡುಕುವುದು ಹೇಗೆ? ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳಿವೆ. ಒಂದಿದ್ದರೆ ಇನ್ನೊಂದು ಇರುವುದು ಅನ್ವಯ. ಒಂದಿಲ್ಲದಿದ್ದರೆ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಇವೆರಡನ್ನು ಹಿಡಿದು ಹೊರಟರೆ ಸಾಕು, ದೋಷ ತಾನಾಗಿ ಸಿಕ್ಕಿಬೀಳುತ್ತದೆ.

ಮೊದಲು ಕಿವಿಗೊಡಿ. ಬಲಗಡೆಯ "ಟಿಕ್ ಟಿಕ್" ಸರಿಯಾಗಿದ್ದು, ಎಡಗಡೆಯದು ಎರಡರಷ್ಟು ಅವಸರಪಟ್ಟರೆ, ಎಡಗಡೆಯ ಬಲ್ಬೊಂದು ಸುಟ್ಟಿರಬಹುದು. ಮುಂದೊಂದು, ಹಿಂದೊಂದು, 21 ವಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಸುಮಾರು ಮೂರೂವರೆ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ. ಒಂದು ಸುಟ್ಟರೆ ಅದು ಅರ್ಧವಾಗುತ್ತದೆ. ಮಿನುಗಿಸುವ ಫ್ಲಾಷರ್ ಇದನ್ನರಿತು ಅವಸರಪಡುತ್ತದೆ. ಗಾಡಿ ಒಡೆಯನಿಗೆ ಕೊಡುವ ದೂರು ಅದು. ಲೋಹದ ಪಟ್ಟಿ ಕಾದು ಬಾಗುವ ಹಳೆಯ ಬಗೆಯ ಫ್ಲಾಷರಿನಲ್ಲಿ ಇದಕ್ಕೆ ವಿರುದ್ಧ: ದೀಪ ನಿಧಾನವಾಗುವುದು, ಇಲ್ಲವೆ ಮಿನುಗದೆ ಉರಿದೇ ಇರುವುದು. ಕಡಿಮೆ ವಿದ್ಯುತ್ತನ್ನು ಎಳೆಯುವ ಎಲ್‌ಇಡಿ ಬಲ್ಬನ್ನು ಹಳೆಯದರ ಬದಲಿಗೆ ಹಾಕಿದರೂ ಇಂಥದೇ ಅವಸರ ಕಾಣಬಹುದು. ಅಲ್ಲಿ ಬಲ್ಬು ನಿರ್ದೋಷಿ.

ಸಂಶಯ ತೀರದಿದ್ದರೆ, ಗಾಡಿಯನ್ನು ಬದಿಗೆ ನಿಲ್ಲಿಸಿ, ದೀಪ ಆರಿದ ಮೇಲೆ ಎಡದ ಬಲ್ಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡಿ. ದೋಷ ಬಲ್ಬಿನೊಡನೆ ಹೋದರೆ ಬಲ್ಬಿನದೇ ದೋಷ. ದೋಷ ಅಲ್ಲೇ ಉಳಿದರೆ ಹೋಲ್ಡರಿನದೋ ತಂತಿಯದೋ ಆಗಿರಬೇಕು. ಮಳೆಗಾಲದಲ್ಲಿ ನೀರು ಸೇರಿ ಹೋಲ್ಡರಿಗೆ ಕಿಲುಬು ಹಿಡಿಯುವುದುಂಟು. ಹಿತ್ತಾಳೆ ಪಾತ್ರೆಗೆ ಹಾಕುವಂತೆ ಹುಣಿಸೆಹಣ್ಣು ಹಾಕಬೇಡಿ. ನಯವಾದ ಉಜ್ಜುಕಾಗದದಿಂದ ತಿಕ್ಕಿದರೆ ಸಾಕು. ಹಳದಿ ಬಲ್ಬಿನ ಬುಡದ ಎರಡು ಮೊಳೆಗಳು ಅನೇಕ ವೇಳೆ ಒಂದಕ್ಕೊಂದು ಎದುರಾಗಿರುವುದಿಲ್ಲ. ಬೇರೆ ಬಗೆಯ ಬಲ್ಬು ಅಲ್ಲಿ ಕೂಡದಿರಲೆಂದು ಹಾಗೆ ಮಾಡಿದ್ದಾರೆ. ಬಲವಂತದಿಂದ ತಿರುಗಿಸಬಾರದು.

ಎರಡು ಕಡೆಯೂ ದೀಪವಿಲ್ಲದಿದ್ದರೆ, ನಾಲ್ಕು ದೀಪಗಳನ್ನು ಒಟ್ಟಿಗೆ ಮಿನುಗಿಸುವ ಅಪಾಯದ ಗುಂಡಿಯನ್ನು ಒತ್ತಿ. ನಾಲ್ಕೂ ಮಿನುಗಿದರೆ ಬಲ್ಬುಗಳು ಸರಿಯಿವೆ. ಅನೇಕ ಗಾಡಿಗಳಲ್ಲಿ ಎರಡಕ್ಕೂ ಫ್ಲಾಷರ್ ಒಂದೇ ಆದ್ದರಿಂದ ಅದೂ ಸರಿಯಿದೆ. ಉಳಿದ ಸಂಶಯ ತಿರುವುದೀಪದ ಫ್ಯೂಸಿನ ಮೇಲೆ, ಇಲ್ಲವೆ ಸ್ಟಿಯರಿಂಗಿನ ಬಳಿಯ ಸ್ವಿಚ್ಚಿನ ಮೇಲೆ. ನಾಲ್ಕೂ ಸತ್ತಿದ್ದರೆ ಫ್ಯೂಸನ್ನೂ ಫ್ಲಾಷರನ್ನೂ ನೋಡಬೇಕು. ಹೊಸ ಫ್ಯೂಸು ಹಳೆಯದರಷ್ಟೇ ಆಂಪಿಯರಿನದಾಗಿರಲಿ. ದೊಡ್ಡದನ್ನು ಹಾಕಿದರೆ ಫ್ಯೂಸು ಉಳಿದು ತಂತಿ ಉರಿದೀತು. ಬ್ರೇಕು ಒತ್ತಿದಾಗ ತಿರುವುದೀಪ ಮಂಕಾದರೆ, ಅಥವಾ ಅದರೊಡನೆ ಬೇರೆ ದೀಪಗಳೂ ಮಿನುಗಿದರೆ, ಗಾಡಿಯ ಮೈಗೆ ಸೇರಿಸಿದ ಅರ್ತ್ ತಂತಿ ಸಡಿಲವಾಗಿದೆಯೆಂದು ತಿಳಿಯಿರಿ. ಇತ್ತೀಚಿನ ಕಾರುಗಳಲ್ಲಿ ಈ ಕೆಲಸವನ್ನೆಲ್ಲ ಗಣಕಯಂತ್ರವೇ ನಡೆಸುವುದುಂಟು. ಅಲ್ಲಿ ಬಲ್ಬು, ಫ್ಯೂಸುಗಳಾಚೆಗೆ ಕೈಹಾಕದೆ ಕೆಲಸ ಬಲ್ಲವರಲ್ಲಿಗೆ ಹೋಗುವುದು ವಿವೇಕ.

ಹಗಲಿನಲ್ಲಿ ದಾರಿಯ ನಡುವೆ ದೀಪ ಕೆಟ್ಟರೆ ಕೈಸನ್ನೆಯಾದರೂ ಇದೆ. ಬಲಕ್ಕೆ ಹೊರಳಲು ಬಲಗೈಯನ್ನು ನೆಟ್ಟಗೆ ಹೊರಚಾಚುವುದು. ಎಡಕ್ಕೆ ಹೊರಳಲು ಅದೇ ಕೈಯನ್ನು ಚಾಚಿ ಅಪ್ರದಕ್ಷಿಣವಾಗಿ ಸುತ್ತಿಸುವುದು. ಆದರೆ ಎಡಗಡೆಯ ಸ್ಕೂಟರಿನವನಿಗೆ ನಿಮ್ಮ ಬಲಗೈ ಕಾಣದು. ಕತ್ತಲಾದ ಮೇಲೆ ಯಾರಿಗೂ ಕಾಣದು. ಆದ್ದರಿಂದ ಅದು ಗಾಡಿಯನ್ನು ದುರಸ್ತಿಗೆ ಮುಟ್ಟಿಸುವವರೆಗಿನ ಉಪಾಯ ಮಾತ್ರ.

ಗಾಡಿಯೊಳಗೆ ಕುಳಿತವನಿಗೆ ತನ್ನ ಹಿಂದಿನ ದೀಪ ಕಾಣುವುದಿಲ್ಲ. ವಾರಕ್ಕೊಮ್ಮೆ ಮನೆಯವರೊಬ್ಬರನ್ನು ಕರೆದು, ಗಾಡಿಯ ಸುತ್ತ ಒಂದು ಸುತ್ತು ಬಂದು ನಾಲ್ಕು ದೀಪಗಳನ್ನೂ ನೋಡಿ ಹೇಳುವಂತೆ ಕೇಳಿ. ಮಕ್ಕಳಿದ್ದರೆ ಈ ಕೆಲಸವನ್ನು ಸಂತೋಷದಿಂದ ಮಾಡುತ್ತಾರೆ. ಒಂದು ನಿಮಿಷದ ಕೆಲಸ. ಯಾರದೋ ಮನೆಯಲ್ಲಿ, ಪಾಳಿ ಮುಗಿಸಿ ಬರುವವನಿಗಾಗಿ ಊಟವಿಟ್ಟುಕೊಂಡು ಕಾಯುವವರಿದ್ದಾರೆ. ಈ ಒಂದು ನಿಮಿಷ ಅವರಿಗೆ ಸಲ್ಲಬೇಕಾದದ್ದು.