ಹೆಗಲು ನೋವಿಗೆ ಹೊಟ್ಟೆಯಲ್ಲಿ ಮೂಲ



ಕೊಡಗಿನಲ್ಲಿ ಡಿಸೆಂಬರ್ ಬಂತೆಂದರೆ ಕಾಫಿ ಕುಯ್ಲು, ಅದರ ಬೆನ್ನಿಗೇ ಕಾಳುಮೆಣಸು. ಮೂಟೆ ಹೊರುವ, ಏಣಿ ಹತ್ತುವ ಈ ದಿನಗಳಲ್ಲಿ ಬಲ ಹೆಗಲು ನೋಯುತ್ತಿದೆ ಎಂದರೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ಮುಲಾಮು ತಿಕ್ಕಿ ಶಾಖ ಕೊಡುತ್ತಾರೆ. ಹಲವರಿಗೆ ಅಷ್ಟೇ ಸಾಕು. ಆದರೆ ಕೈ ಎತ್ತಿದರೂ ಇಳಿಸಿದರೂ ಬದಲಾಗದ, ಊಟವಾದ ಮೇಲೆ, ಅದರಲ್ಲೂ ರಾತ್ರಿ ಹೊತ್ತು ಮರುಕಳಿಸುವ ನೋವಾದರೆ ಪಿತ್ತಕೋಶದ ಮೇಲೂ ಅನುಮಾನಪಡಬೇಕು.

ಬಲ ಪಕ್ಕೆಲುಬುಗಳ ಕೆಳಗೆ ಯಕೃತ್ತಿಗೆ ಅಂಟಿಕೊಂಡಿರುವ ಈ ಪುಟ್ಟ ಚೀಲ, ಜಿಡ್ಡಿನ ಊಟ ಕರುಳಿಗಿಳಿದಾಗ ಪಿತ್ತರಸವನ್ನು ಹಿಂಡಿ ಕಳಿಸುತ್ತದೆ. ಹುತ್ತರಿ ಹಬ್ಬದಲ್ಲಿ ಕಡಂಬುಟ್ಟಿನ ಜೊತೆ ಪಂದಿ ಕರಿ ಉಂಡ ರಾತ್ರಿ ಅದಕ್ಕೆ ಕೆಲಸ ಹೆಚ್ಚು. ಚೀಲದೊಳಗೆ ಕಲ್ಲು ಕಟ್ಟಿದ್ದು, ಅದು ಆಗ ನಾಳದ ಬಾಯಿಗೆ ಸಿಕ್ಕಿಕೊಂಡರೆ ಮೇಲ್ಹೊಟ್ಟೆಯಲ್ಲಿ ನೋವೆದ್ದು, ಬಲ ಹೆಗಲ ಮೂಳೆಯ ಕೆಳಗೋ ಬೆನ್ನಿನ ನಡುವೆಯೋ ಹರಡುತ್ತದೆ. ಕೆಲವರಿಗೆ ಬೆನ್ನಿನ ನೋವೇ ಎದ್ದು ಕಾಣುವುದರಿಂದ ಹೊಟ್ಟೆಯ ಕಡೆ ಗಮನವೇ ಹೋಗುವುದಿಲ್ಲ.

ಹೊಟ್ಟೆಯ ನೋವು ಹೆಗಲಿಗೇಕೆ? ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ, ಗರ್ಭದಲ್ಲಿ ಮೊದಲು ರೂಪುಗೊಳ್ಳುವುದು ಕುತ್ತಿಗೆಯ ಮಟ್ಟದಲ್ಲಿ. ಆಮೇಲೆ ಕೆಳಗಿಳಿಯುತ್ತಾ ತನ್ನ ಫ್ರೆನಿಕ್ ನರವನ್ನೂ ಜೊತೆಗೆ ಒಯ್ಯುತ್ತದೆ. ಆ ನರ ಹುಟ್ಟುವುದು ಬೆನ್ನುಹುರಿಯ ಕತ್ತಿನ ಭಾಗದ 3, 4, 5ನೇ ನರಗಳಿಂದ. ಹೆಗಲ ಮೇಲಿನ ಚರ್ಮಕ್ಕೆ ಸ್ಪರ್ಶಜ್ಞಾನ ಕೊಡುವುದೂ 3, 4ನೇ ನರಗಳೇ. ಊದಿಕೊಂಡ ಪಿತ್ತಕೋಶ ವಪೆಯನ್ನು ಕೆರಳಿಸಿದಾಗ, ಸುದ್ದಿ ಹೆಗಲಿನಿಂದ ಬಂತೆಂದೇ ಮಿದುಳು ತಿಳಿಯುತ್ತದೆ. ಬೆನ್ನಿಗೆ ಹಬ್ಬುವ ನೋವಿನ ದಾರಿ ಬೇರೆ. ಪಿತ್ತಕೋಶದ ನರಗಳು ಎದೆಯ ಮಟ್ಟದಲ್ಲಿ ಬೆನ್ನುಹುರಿ ಸೇರುವುದರಿಂದ ನೋವು ಬೆನ್ನಿನಲ್ಲಿ ಕಾಣಿಸಿಕೊಳ್ಳುತ್ತದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು ಮಾತು ಹೇಳಲೇಬೇಕು. ಪಿತ್ತಕೋಶದ ಕಲ್ಲು ಜಿಡ್ಡು ತಿನ್ನುವವರಿಗೆ, ವಯಸ್ಸಾದವರಿಗೆ ಮಾತ್ರ ಎಂಬ ನಂಬಿಕೆ ತಪ್ಪು. ಜೇನುಕುರುಬ, ಯರವ ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಕಂಡುಬಂದಿದೆ. ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಬೇಗ ಒಡೆಯುವುದರಿಂದ ಪಿತ್ತರಸದಲ್ಲಿ ಬಣ್ಣದ ಅಂಶ ಹೆಚ್ಚಿ, ಮಕ್ಕಳಲ್ಲೂ ಕಲ್ಲು ಕಟ್ಟಬಹುದು. ತೋಟದ ಲೈನ್‌ಮನೆಯ ಹುಡುಗಿ ಹೊಟ್ಟೆನೋವು ಎಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಸುಮ್ಮನಾಗುವುದು ಅನ್ಯಾಯ.

ತೊಂದರೆ ಕೊಡದ ಕಲ್ಲುಗಳೇ ಹೆಚ್ಚು. ಅವಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ. ನೋವು ಮರುಕಳಿಸುತ್ತಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಜ್ವರ, ನಡುಕ, ಕಣ್ಣು ಹಳದಿಯಾಗುವುದು, ಕೆಲವು ಗಂಟೆಯಾದರೂ ಇಳಿಯದ ನೋವು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೊರಡಿ. ಎದೆ ಬಿಗಿತ, ಬೆವರು, ಉಬ್ಬಸವಿದ್ದರೆ ಹೃದಯಾಘಾತವೂ ಇರಬಹುದು. ತಡಮಾಡದೆ 108ಕ್ಕೆ ಕರೆ ಮಾಡಿ.